ಸೀಟಿನ ಮೂತಿ ಮೇಲೋ ಕೆಳಗೋ: ಸೈಕಲ್ ಸೀಟಿನ ಕೋನ ನೀವೇ ಸರಿ ಮಾಡಿಕೊಳ್ಳಿ

ಅರ್ಧ ಗಂಟೆ ಸೈಕಲ್ ತುಳಿದರೆ ಸಾಕು, ಕೂತಲ್ಲಿ ಉರಿ. ತೊಡೆಸಂದಿನಲ್ಲಿ ಜೋಮು. ಅದಿಲ್ಲದಿದ್ದರೆ ಅಂಗೈ ನೋವು. ಇಂಥ ತೊಂದರೆ ಬಂದ ಕೂಡಲೇ ಹೆಚ್ಚಿನವರು ಒಂದೋ ಜೆಲ್ ಕವರ್ ತಂದು ಹಾಕುತ್ತಾರೆ, ಇಲ್ಲವೇ ದಪ್ಪ ಮೆತ್ತೆಯ ಹೊಸ ಸೀಟು ಕೊಳ್ಳುತ್ತಾರೆ. ಎರಡಕ್ಕೂ ದುಡ್ಡು ಬೇಕು. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅದಕ್ಕೆ ಬೇಕಾಗುವುದು ಒಂದು ಅಲೆನ್ ಕೀ, ಒಂದು ಮೊಬೈಲು ಮತ್ತು ಸ್ವಲ್ಪ ತಾಳ್ಮೆ.

ಅಂಗಡಿಯಲ್ಲಿ ಸೈಕಲ್ ಜೋಡಿಸಿ ಕೊಡುವಾಗ ಸೀಟಿನ ಎತ್ತರವನ್ನಾದರೂ ಕೇಳುತ್ತಾರೆ. ಕೋನದ ವಿಷಯ ಯಾರೂ ಎತ್ತುವುದಿಲ್ಲ. ಕಣ್ಣಳತೆಯಲ್ಲಿ ನೇರ ಕಂಡರೆ ಬೋಲ್ಟ್ ಬಿಗಿ ಮಾಡಿ ಕಳಿಸುತ್ತಾರೆ. ಆಮೇಲೆ ವರ್ಷಗಟ್ಟಲೆ ಅದು ಹಾಗೇ ಇರುತ್ತದೆ. ಕಣ್ಣಿಗೆ ನೇರ ಕಾಣುವ ಸೀಟು ಎರಡು ಮೂರು ಡಿಗ್ರಿ ಆಚೆ ಈಚೆ ಇರುವುದು ತೀರಾ ಮಾಮೂಲು.

ಎರಡು ಮೂರು ಡಿಗ್ರಿ ಅಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಸಾಮಾನ್ಯ ಸೀಟು ಸುಮಾರು 27 ಸೆಂಟಿಮೀಟರ್ ಉದ್ದ ಇರುತ್ತದೆ. ಅಷ್ಟು ಉದ್ದಕ್ಕೆ 1 ಡಿಗ್ರಿ ಓರೆಯಾದರೆ ಮೂತಿಗೂ ಹಿಂಭಾಗಕ್ಕೂ ಹತ್ತಿರ ಹತ್ತಿರ 5 ಮಿಲಿಮೀಟರ್ ವ್ಯತ್ಯಾಸ ಬೀಳುತ್ತದೆ. 3 ಡಿಗ್ರಿ ಅಂದರೆ ಒಂದೂವರೆ ಸೆಂಟಿಮೀಟರ್. ಮೈಯ ಅತಿ ಸೂಕ್ಷ್ಮ ಜಾಗದ ಕೆಳಗೆ ಒಂದೂವರೆ ಸೆಂಟಿಮೀಟರ್ ಅಂದರೆ ಸಣ್ಣದಲ್ಲ, ಅಲ್ವಾ?

ಕೋನ ಬದಲಾದರೆ ಮೈಗೆ ಏನಾಗುತ್ತದೆ

ಗಟ್ಟಿ ಬೆಂಚಿನ ಮೇಲೆ ಕೈ ಅಡಿ ಇಟ್ಟುಕೊಂಡು ಕೂತರೆ ಎರಡು ಮೂಳೆಗಳು ಒತ್ತುವುದು ಗೊತ್ತಾಗುತ್ತದೆ. ಕೂರುವ ಮೂಳೆಗಳು ಅಂದರೆ ಇವೇ. ಮೈಭಾರ ಹೊರಬೇಕಾದದ್ದು ಇವು, ಸೀಟಿನ ಹಿಂದಿನ ಅಗಲ ಭಾಗದ ಮೇಲೆ. ಇವೆರಡರ ನಡುವೆ, ಸ್ವಲ್ಪ ಮುಂದಕ್ಕೆ, ಮೆತ್ತಗಿನ ಜಾಗ ಇದೆ. ಅಲ್ಲಿ ನರಗಳೂ ರಕ್ತನಾಳಗಳೂ ಓಡುತ್ತವೆ. ಭಾರ ಅಲ್ಲಿ ಬಿದ್ದರೆ ಜೋಮು ಹಿಡಿಯುತ್ತದೆ.

ಮೂತಿ ಮೇಲೆದ್ದಿದ್ದರೆ ಭಾರ ಆ ಮೆತ್ತಗಿನ ಜಾಗಕ್ಕೆ ಬೀಳುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಮೈ ತಾನಾಗಿಯೇ ಸೊಂಟವನ್ನು ಹಿಂದಕ್ಕೆ ಮಗುಚುತ್ತದೆ. ಬೆನ್ನು ಬಾಗುತ್ತದೆ. ಸಂಜೆ ಹೊತ್ತಿಗೆ ಕೆಳಬೆನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಬೆನ್ನು ನೋವಿನ ಮೂಲ ಸೀಟಿನ ಮೂತಿಯಲ್ಲಿ ಇರುವುದುಂಟು. ಇಸ್ರೇಲಿನ ವೈದ್ಯರ ತಂಡವೊಂದು ಇದನ್ನೇ ಪರೀಕ್ಷಿಸಿ 1999ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಬರೆದಿತ್ತು. ಹವ್ಯಾಸಕ್ಕೆ ಸೈಕಲ್ ತುಳಿಯುವ, ಬೆನ್ನು ನೋವಿದ್ದ ಜನರ ಸೀಟಿನ ಮೂತಿಯನ್ನು 10ರಿಂದ 15 ಡಿಗ್ರಿ ಕೆಳಗೆ ಇಳಿಸಿ ನೋಡಿದರು. ನೂರಕ್ಕೆ 70ಕ್ಕಿಂತ ಜಾಸ್ತಿ ಮಂದಿಗೆ ನೋವು ಕಡಿಮೆಯಾಯಿತು. ಇದನ್ನು ಓದಿ ಇವತ್ತೇ 15 ಡಿಗ್ರಿ ಇಳಿಸಲು ಹೋಗಬೇಡಿ. ಅಷ್ಟು ಇಳಿಸಿದರೆ ಜಾರುವ ತೊಂದರೆ ಶುರುವಾಗುತ್ತದೆ. ಸೀಟಿನ ಕೋನಕ್ಕೂ ಬೆನ್ನಿಗೂ ನಂಟಿದೆ ಅನ್ನುವುದಷ್ಟನ್ನು ಅದರಿಂದ ತೆಗೆದುಕೊಂಡರೆ ಸಾಕು.

ಮೂತಿ ತೀರಾ ಕೆಳಗಿದ್ದರೆ ಕಥೆ ತಿರುಗುಮುರುಗು. ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ. ಅದನ್ನು ತಡೆಯುವ ಕೆಲಸ ಕೈಗಳ ಪಾಲಿಗೆ. ಅಂಗೈ, ಮಣಿಕಟ್ಟು, ಭುಜ, ಕತ್ತು ಎಲ್ಲಾ ದಣಿಯುತ್ತವೆ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ, ಯಾಕೆಂದರೆ ಆ ಬೆರಳುಗಳ ನರ ಹಾದುಹೋಗುವುದು ಅಂಗೈಯ ಹೊರಬದಿಯಲ್ಲಿ. ಸಾಲದ್ದಕ್ಕೆ, ಎರಡು ನಿಮಿಷಕ್ಕೊಮ್ಮೆ ಹಿಂದಕ್ಕೆ ಸರಿದು ಕೂರಬೇಕು. ಹಾಗೆ ಸರಿದಾಗಲೆಲ್ಲ ಚರ್ಮ ಉಜ್ಜುತ್ತದೆ.

ವೇಗದ ಮಾತೂ ಇಲ್ಲೇ ಬರುತ್ತದೆ. ಸೀಟಿನ ಕೋನ ಸರಿ ಮಾಡಿದ ಮಾತ್ರಕ್ಕೆ ಕಾಲಿಗೆ ಹೊಸ ಬಲ ಬರುವುದಿಲ್ಲ. ಆದರೆ ಒಂದೇ ಜಾಗದಲ್ಲಿ ಅಲ್ಲಾಡದೆ ಕೂತವರ ಬಲವೆಲ್ಲ ಪೆಡಲಿಗೆ ಹೋಗುತ್ತದೆ. ಜಾರಿಕೊಂಡು ಕೂತವರ ಬಲದಲ್ಲಿ ಒಂದು ಪಾಲು ತಮ್ಮನ್ನು ತಾವೇ ಹಿಡಿದುಕೊಳ್ಳುವುದಕ್ಕೆ ಖರ್ಚಾಗುತ್ತದೆ. ಗೊತ್ತುಪಡಿಸಿದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ ಬ್ರೆವೆ ಅನ್ನುತ್ತಾರೆ. 200 ಕಿಲೋಮೀಟರ್ ಬ್ರೆವೆ ಮುಗಿಸಲು 13 ಗಂಟೆ 30 ನಿಮಿಷ ಕೊಡುತ್ತಾರೆ. ಅಷ್ಟು ಹೊತ್ತು ಕೂರುವವರನ್ನು ಕೇಳಿ ನೋಡಿ, ಕಾಲಿಗಿಂತ ಮೊದಲು ಕೂರುವ ಜಾಗ, ಕೈ ಇವುಗಳ ಬಗ್ಗೆಯೇ ಮಾತಾಡುತ್ತಾರೆ.

ಮೊದಲು ಎತ್ತರ, ಆಮೇಲೆ ಕೋನ

ಎತ್ತರ ತಪ್ಪಿದ್ದರೆ ಕೋನ ಎಷ್ಟು ತಿರುಗಿಸಿದರೂ ಸುಖವಿಲ್ಲ. ಸೀಟು ಜಾಸ್ತಿ ಎತ್ತರ ಇದ್ದರೆ ಕಾಲು ಪೆಡಲಿಗೆ ಎಟುಕಲು ಸೊಂಟ ಆ ಕಡೆ ಈ ಕಡೆ ಅಲ್ಲಾಡುತ್ತದೆ, ಒತ್ತಡ ಮತ್ತೆ ಆ ಮೆತ್ತಗಿನ ಜಾಗಕ್ಕೇ ಬೀಳುತ್ತದೆ. ಜೋಮಿಗೆ ಮೂತಿಯನ್ನು ದೂರುವ ಎಷ್ಟೋ ಜನರಿಗೆ ನಿಜವಾದ ತೊಂದರೆ ಎತ್ತರದ್ದೇ.

ಸುಲಭದ ದಾರಿ ಹಿಮ್ಮಡಿಯದು. ಗೋಡೆ ಹಿಡಿದು ಸೈಕಲ್ ಮೇಲೆ ಕೂರಿ. ಪೆಡಲ್ ತೀರಾ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಡಿ. ಮಂಡಿ ನೇರವಾಗಬೇಕು, ಆದರೆ ಸೊಂಟ ವಾಲಬಾರದು. ಅಷ್ಟಾದರೆ, ಮುಂಗಾಲಿನಲ್ಲಿ ತುಳಿಯುವಾಗ ಮಂಡಿ ಸ್ವಲ್ಪ ಬಾಗಿರುತ್ತದೆ. ಅದೇ ಬೇಕಾದದ್ದು. ಸೀಟನ್ನು ಹೊತ್ತಿರುವ ಕಂಬಿಯನ್ನು, ಅಂದರೆ ಸೀಟ್ ಪೋಸ್ಟನ್ನು ಮೇಲೆತ್ತುವಾಗ ಅದರ ಮೇಲೆ ಕೊರೆದಿರುವ ಕೊನೆಯ ಗೆರೆ ದಾಟಬೇಡಿ. ಆ ಗೆರೆ ಫ್ರೇಮಿನ ಒಳಗೇ ಇರಬೇಕು.

ಮುಂದೆ ಹಿಂದೆ ಸರಿಸುವುದು ಎರಡನೆಯದು. ಸೀಟಿನ ಅಡಿಯಲ್ಲಿ ಎರಡು ಸರಳುಗಳಿರುತ್ತವೆ. ಸೀಟನ್ನು ಕಂಬಿಗೆ ಬಿಗಿದು ಹಿಡಿಯುವ ಕ್ಲ್ಯಾಂಪ್ ಅವುಗಳ ನೇರ ಭಾಗವನ್ನಷ್ಟೇ ಹಿಡಿದಿರಬೇಕು. ಬಾಗಿದ ಭಾಗದಲ್ಲಿ ಬಿಗಿದರೆ ಸರಳು ಒಂದು ದಿನ ಮುರಿಯುತ್ತದೆ. ಗೊತ್ತಿಲ್ಲದಿದ್ದರೆ ನಡುವಿನಿಂದ ಶುರು ಮಾಡಿ.

ನೆಲವನ್ನು ನಂಬಬೇಡಿ

ಈಗ ಅಳತೆ. ಇಲ್ಲೇ ಹೆಚ್ಚಿನವರು ಎಡವುವುದು. ಮನೆಯ ಪಾರ್ಕಿಂಗ್ ಜಾಗವನ್ನು ಮಳೆ ನೀರು ಹರಿದುಹೋಗಲೆಂದು ಮೇಸ್ತ್ರಿ ಬೇಕೆಂದೇ ಇಳಿಜಾರು ಮಾಡಿರುತ್ತಾನೆ. ಬಾಲ್ಕನಿಯೂ ಹಾಗೇ. ಅಲ್ಲಿ ನಿಂತ ಸೈಕಲ್ಲಿನ ಸೀಟು ಮಟ್ಟ ಕಂಡರೂ ನಿಜದಲ್ಲಿ ಮಟ್ಟ ಇರುವುದಿಲ್ಲ. ಸಾಧ್ಯವಾದರೆ ಮನೆಯೊಳಗಿನ ಹಾಲ್‌ನಲ್ಲಿ ಅಳೆಯಿರಿ. ಎರಡೂ ಟೈರಿಗೆ ಸರಿಯಾಗಿ ಗಾಳಿ ಇರಲಿ. ಹಿಂದಿನ ಟೈರು ಮೆತ್ತಗಾಗಿದ್ದರೂ ಮೂತಿ ಮೇಲೆದ್ದಂತೆ ತೋರಿಸುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿ ಅಳೆಯಬೇಡಿ, ಸೈಕಲ್ ನೆಟ್ಟಗೆ ನಿಲ್ಲಲಿ, ಒಬ್ಬರು ಹಿಡಿದುಕೊಳ್ಳಲಿ.

ಸೀಟಿನ ಮೇಲ್ಮೈ ಉಬ್ಬುತಗ್ಗಾಗಿರುವುದರಿಂದ ಮೊಬೈಲನ್ನು ನೇರವಾಗಿ ಅದರ ಮೇಲೆ ಇಟ್ಟರೆ ಒಂದೊಂದು ಸಲ ಒಂದೊಂದು ಅಂಕಿ ಬರುತ್ತದೆ. ಮೊದಲು ಒಂದು ಗಟ್ಟಿ ಹಲಗೆ ಬೇಕು. ಮಕ್ಕಳು ಪರೀಕ್ಷೆಗೆ ತೆಗೆದುಕೊಂಡು ಹೋಗುವ ರೈಟಿಂಗ್ ಪ್ಯಾಡ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬಾಗುವುದಿಲ್ಲ, ಸೀಟಿಗಿಂತ ಸ್ವಲ್ಪ ಉದ್ದವೂ ಇರುತ್ತದೆ. ಅದರ ಕ್ಲಿಪ್ ಇರುವ ತುದಿ ಸೀಟಿನಿಂದ ಆಚೆ ಚಾಚಿಕೊಂಡಿರಲಿ. ಪ್ಯಾಡನ್ನು ಉದ್ದಕ್ಕೆ, ಮೂತಿಯಿಂದ ಹಿಂಭಾಗಕ್ಕೆ ಇಡಿ. ಅದರ ನಡುವೆ ಮೊಬೈಲ್ ಇಟ್ಟು, ಮಟ್ಟ ತೋರಿಸುವ ಆ್ಯಪ್ ತೆರೆಯಿರಿ. ಐಫೋನಿನಲ್ಲಿ ಅದು ಮೆಷರ್ ಆ್ಯಪ್‌ನ ಒಳಗೇ ಇದೆ, ಆಂಡ್ರಾಯ್ಡ್‌ನಲ್ಲಿ ಉಚಿತವಾಗಿ ಬೇಕಾದಷ್ಟು ಸಿಗುತ್ತವೆ. ಮೊಬೈಲಿನ ಕವರ್ ತೆಗೆಯಿರಿ. ಈಗಿನ ಫೋನುಗಳ ಹಿಂದೆ ಕ್ಯಾಮೆರಾ ಉಬ್ಬಿಕೊಂಡಿರುತ್ತದೆ, ಅದೊಂದೇ ಒಂದೆರಡು ಡಿಗ್ರಿ ಸುಳ್ಳು ಹೇಳಿಸಬಲ್ಲದು. ಉಬ್ಬು ಪ್ಯಾಡಿನ ಅಂಚಿನಿಂದ ಹೊರಗೆ ಉಳಿಯುವಂತೆ ಇಡಿ, ಇಲ್ಲವೇ ಫೋನನ್ನು ಅದರ ಉದ್ದದ ಅಂಚಿನ ಮೇಲೆ ನಿಲ್ಲಿಸಿ. ಮನೆಯಲ್ಲಿ ಮೇಸ್ತ್ರಿಗಳು ಬಳಸುವ ರಸಮಟ್ಟ ಇದ್ದರೆ ಸೊನ್ನೆ ಹುಡುಕಲು ಅದಕ್ಕಿಂತ ನಂಬಿಕಸ್ತ ಬೇರೆ ಇಲ್ಲ, ಆದರೆ ಎಷ್ಟು ಡಿಗ್ರಿ ಅಂತ ಅದು ಹೇಳುವುದಿಲ್ಲ.

ಅಂಕಿ ಬರೆದುಕೊಂಡಿರಾ? ಈಗ ಫೋನನ್ನು ಅದೇ ಜಾಗದಲ್ಲಿ ತಲೆಕೆಳಗು ಮಾಡಿ, ಅಂದರೆ ಹಿಂದಿದ್ದ ತುದಿ ಮುಂದೆ ಬರುವಂತೆ ತಿರುಗಿಸಿ ಇಡಿ. ಮೊದಲು 2, ತಿರುಗಿಸಿದಾಗಲೂ 2 ಬಂದರೆ ಫೋನು ಸರಿಯಾಗಿದೆ. ಒಂದು ಸಲ 2, ಇನ್ನೊಂದು ಸಲ 3 ಬಂದರೆ ನಿಜವಾದದ್ದು ಎರಡೂವರೆ.

ನೆಲದ ಓರೆಯನ್ನು ಕಳೆಯಲೂ ಇದೇ ಉಪಾಯ. ಚಕ್ರಗಳು ನಿಂತ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಒಮ್ಮೆ ಅಳೆದು, ಸೈಕಲನ್ನು ಪೂರ್ತಿ ತಿರುಗಿಸಿ, ಹಿಂದಿನ ಚಕ್ರದ ಜಾಗದಲ್ಲಿ ಮುಂದಿನದನ್ನು ನಿಲ್ಲಿಸಿ ಮತ್ತೆ ಅಳೆಯಿರಿ. ಒಂದು ಕಡೆಯಿಂದ ಮೂತಿ 3 ಡಿಗ್ರಿ ಕೆಳಗೆ, ಇನ್ನೊಂದು ಕಡೆಯಿಂದ 1 ಡಿಗ್ರಿ ಕೆಳಗೆ ಅಂತ ಬಂದರೆ ಸೀಟು ಇರುವುದು 2 ಡಿಗ್ರಿ ಕೆಳಗೆ. ನೆಲ 1 ಡಿಗ್ರಿ ಓರೆ. ಇಷ್ಟೇ ಲೆಕ್ಕ.

ಸೀಟು ಅಲೆಯಂತೆ ಬಾಗಿದ್ದು ಹಿಂಭಾಗ ಮೇಲೆದ್ದಿದ್ದರೆ ಪ್ಯಾಡು ಮೂತಿಯ ತುದಿ ಮತ್ತು ಬಾಲದ ತುದಿ ಎರಡನ್ನೇ ಮುಟ್ಟುತ್ತದೆ, ನಡುವೆ ಕಂದಕ. ಅಂಥ ಸೀಟಿಗೆ ಆ ಅಂಕಿ ದಾರಿ ತಪ್ಪಿಸುತ್ತದೆ. ಬಾಲದ ಉಬ್ಬನ್ನು ಬಿಟ್ಟು, ಮುಂದಿನ ಮೂರನೇ ಎರಡು ಭಾಗದ ಮೇಲೆ 15 ಸೆಂಟಿಮೀಟರಿನ ಸ್ಟೀಲ್ ಸ್ಕೇಲ್ ಇಟ್ಟು ಅಳೆದರೆ ನೀವು ನಿಜವಾಗಿ ಕೂರುವ ಜಾಗದ ಕೋನ ಸಿಗುತ್ತದೆ. ಮುಖ್ಯವಾದದ್ದು ಪ್ರತಿಸಲ ಒಂದೇ ರೀತಿ ಅಳೆಯುವುದು.

ಬೋಲ್ಟಿಗೆ ಕೈ ಹಾಕುವ ಮೊದಲು ಈಗಿರುವ ಅಂಕಿ ಬರೆದಿಡಿ, ಪಕ್ಕದಿಂದ ಒಂದು ಫೋಟೋ ತೆಗೆದುಕೊಳ್ಳಿ. ಕ್ಲ್ಯಾಂಪ್ ಹಿಡಿದಿರುವ ಜಾಗದಲ್ಲಿ ಸರಳಿನ ಮೇಲೆ ಸಣ್ಣ ಟೇಪ್ ಸುತ್ತಿ. ಯಾಕೆಂದರೆ ಬೋಲ್ಟ್ ಸಡಿಲಿಸಿದ ಕೂಡಲೇ ಸೀಟು ಕೋನ ಬದಲಿಸುವುದರ ಜೊತೆಗೆ ಮುಂದಕ್ಕೂ ಹಿಂದಕ್ಕೂ ಜಾರುತ್ತದೆ.

ನಿಮ್ಮ ಸೀಟಿನ ಕೆಳಗೆ ಯಾವ ಬೋಲ್ಟ್ ಇದೆ?

ಬಗ್ಗಿ ನೋಡಿ. ಸಾಮಾನ್ಯವಾಗಿ ಮೂರು ಬಗೆ.

ಮುಂದೊಂದು ಹಿಂದೊಂದು, ಎರಡು ಬೋಲ್ಟ್ ಇದ್ದರೆ ನೀವು ಅದೃಷ್ಟವಂತರು. ಮೂತಿ ಇಳಿಸಬೇಕೆಂದರೆ ಹಿಂದಿನ ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ, ಮುಂದಿನದನ್ನು ಕಾಲು ಸುತ್ತು ಬಿಗಿ ಮಾಡಿ. ಮೂತಿ ಎತ್ತಬೇಕೆಂದರೆ ಇದರ ಉಲ್ಟಾ. ಕಾಲು ಸುತ್ತಿಗೆ ಅಂದಾಜು ಅರ್ಧದಿಂದ 1 ಡಿಗ್ರಿ ಬದಲಾಗುತ್ತದೆ. ಮೊದಲು ಸಡಿಲ, ಆಮೇಲೆ ಬಿಗಿ, ಈ ಕ್ರಮ ತಪ್ಪಬಾರದು. ಎದುರಿನದನ್ನು ಸಡಿಲಿಸದೆ ಒಂದನ್ನೇ ತಿರುಗಿಸುತ್ತಾ ಹೋದರೆ ಬೋಲ್ಟ್ ಬಾಗುತ್ತದೆ, ಮುರಿದರೂ ಮುರಿಯಿತು. ಕೆಲವದರಲ್ಲಿ ಮುಂದಿನ ಬೋಲ್ಟಿಗೆ ಅಲೆನ್ ಕೀ ಬದಲು ಕೈಯಲ್ಲೇ ತಿರುಗಿಸುವ ಗಾಲಿ ಇರುತ್ತದೆ, ಕೆಲಸ ಮಾತ್ರ ಅದೇ.

ಒಂದೇ ಬೋಲ್ಟ್, ಕೆಳಗೆ ಬಟ್ಟಲಿನಂತೆ ಬಾಗಿದ ಹಲ್ಲುಗಳ ತಟ್ಟೆ. ಹೈಬ್ರಿಡ್, ಎಂಟಿಬಿ (ಬೆಟ್ಟಗುಡ್ಡಕ್ಕೆಂದು ಮಾಡಿದ ಮೌಂಟನ್ ಬೈಕ್) ಸೈಕಲ್ಲುಗಳಲ್ಲಿ ಇದೇ ಜಾಸ್ತಿ. 5 ಅಥವಾ 6 ಮಿಲಿಮೀಟರಿನ ಅಲೆನ್ ಕೀ ಬೇಕಾಗುತ್ತದೆ. ಇಲ್ಲಿ ಹಲ್ಲುಗಳದ್ದೇ ಕಾರುಬಾರು. ಬೋಲ್ಟನ್ನು ಅರೆಬರೆ ಸಡಿಲಿಸಿ ಸೀಟನ್ನು ಕೈಯಿಂದ ಒತ್ತಿ ಬಗ್ಗಿಸಿದರೆ ಹಲ್ಲು ಸವೆಯುತ್ತವೆ. ಹಲ್ಲು ಪೂರ್ತಿ ಬಿಡಿಸಿಕೊಳ್ಳುವಷ್ಟು ಸಡಿಲಿಸಿ, ಆಮೇಲೆ ತಿರುಗಿಸಿ, ಹಲ್ಲು ಕೂತದ್ದನ್ನು ಕಣ್ಣಾರೆ ನೋಡಿ ಬಿಗಿ ಮಾಡಿ. ಹಲ್ಲಿನ ಸಂದಿಯಲ್ಲಿ ಮಣ್ಣು ಕೂತಿದ್ದರೆ ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿ. ಈ ಬಗೆಯಲ್ಲಿ ನಿಮಗೆ ಬೇಕಾದ ಕೋನ ಎರಡು ಹಲ್ಲುಗಳ ನಡುವೆ ಬಿದ್ದರೆ ಮಾಡುವಂಥದ್ದು ಏನೂ ಇಲ್ಲ. ಹತ್ತಿರದ ಹಲ್ಲಿಗೆ ಒಪ್ಪಿಕೊಳ್ಳಬೇಕು. ದಿನವೂ ದೂರ ಹೋಗುವವರಾದರೆ ಎರಡು ಬೋಲ್ಟಿನ ಸೀಟ್ ಪೋಸ್ಟ್ ಹಾಕಿಸಿಕೊಳ್ಳುವುದು ನನ್ನ ಲೆಕ್ಕದಲ್ಲಿ ಹೊಸ ಸೀಟಿಗಿಂತ ಒಳ್ಳೆಯ ಖರ್ಚು. ಆದರೆ ಪೋಸ್ಟಿನ ದಪ್ಪ ನಿಮ್ಮ ಫ್ರೇಮಿನದಕ್ಕೆ ಸರಿಯಾಗಿ ಹೊಂದಬೇಕು. 27.2 ಮಿಲಿಮೀಟರಿನದಕ್ಕೂ 30.9ರದಕ್ಕೂ ತಾಳೆಯಾಗುವುದಿಲ್ಲ. ದಪ್ಪ ಎಷ್ಟೆಂದು ಹಳೆಯ ಪೋಸ್ಟಿನ ಮೇಲೇ ಕೆತ್ತಿರುತ್ತಾರೆ, ನೋಡಿಕೊಂಡು ಹೋಗಿ.

ಮೂರನೆಯದು ನಮ್ಮ ಹಳೆಯ ಕರಿ ಸೈಕಲ್ಲಿನದು. ಹಾಲು ಹಾಕುವವರು, ತರಕಾರಿ ಮಾರುವವರು ಇನ್ನೂ ತುಳಿಯುವ ಆ ಗಟ್ಟಿ ಸೈಕಲ್ಲುಗಳಲ್ಲಿ ಸೀಟ್ ಪೋಸ್ಟ್ ಬರೀ ಒಂದು ಕಬ್ಬಿಣದ ಪೈಪು. ಅದರ ತಲೆಗೆ ಬೇರೆ ಒಂದು ಕ್ಲಿಪ್ ಸಿಕ್ಕಿಸಿರುತ್ತಾರೆ. ಕ್ಲಿಪ್ಪಿನ ಎರಡೂ ಬದಿಗೆ ನಟ್. 13 ಅಥವಾ 14 ನಂಬರ್ ಸ್ಪ್ಯಾನರ್ ಸಾಕು. ಎರಡೂ ಬದಿ ನಟ್ ಸಡಿಲಿಸಿದರೆ ಒಳಗೆ ದುಂಡನೆಯ ಹಲ್ಲಿನ ಬಿಲ್ಲೆಗಳು ಕಾಣುತ್ತವೆ. ಒಂದೊಂದು ಹಲ್ಲಿಗೂ ಹಲವು ಡಿಗ್ರಿ ವ್ಯತ್ಯಾಸ. ಸೂಕ್ಷ್ಮ ಹೊಂದಾಣಿಕೆ ಇದರಿಂದ ಆಗದು. ಇದರ ದೊಡ್ಡ ಕಾಯಿಲೆ ಬೇರೆಯೇ. ಹಲ್ಲು ಸವೆದ ಮೇಲೆ ಗುಂಡಿಗೆ ಚಕ್ರ ಬಿದ್ದಾಗ ಸೀಟು ಗಕ್ಕನೆ ಹಿಂದಕ್ಕೆ ಕುಸಿದು ಮೂತಿ ಆಕಾಶ ನೋಡುತ್ತದೆ. ಅಂಥದ್ದನ್ನು ಎಷ್ಟು ಬಿಗಿ ಮಾಡಿದರೂ ನಾಲ್ಕು ದಿನ ಅಷ್ಟೇ. ಯಾವ ಸೈಕಲ್ ಶಾಪಿನಲ್ಲೂ ಹೊಸ ಕ್ಲಿಪ್ ಸಿಗುತ್ತದೆ, ಬೆಲೆ ಜಾಸ್ತಿ ಏನಿಲ್ಲ. ಬದಲಾಯಿಸಿ.

ಯಾವ ಬಗೆಯಾದರೂ ಬೋಲ್ಟಿನ ಸುರುಳಿ ಗೆರೆಗಳಿಗೆ ತುಸು ಗ್ರೀಸ್ ಹಚ್ಚಿ. ಎಷ್ಟು ಬಿಗಿ ಮಾಡಬೇಕೆಂದು ಹೊಸ ಪೋಸ್ಟುಗಳ ಮೇಲೆ ನ್ಯೂಟನ್ ಮೀಟರ್ ಲೆಕ್ಕದಲ್ಲಿ ಅಚ್ಚು ಹಾಕಿರುತ್ತಾರೆ. ಸರಳು ಕಾರ್ಬನ್ನಿನದಾದರೆ ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಮುಟ್ಟಲೇಬೇಡಿ. ಬಿಗಿ ಮಾಡಿದ ಮೇಲೆ ಎರಡೂ ಕೈ ಮೂತಿಯ ಮೇಲಿಟ್ಟು ಮೈಭಾರ ಹಾಕಿ ಒತ್ತಿ, ಆಮೇಲೆ ಹಿಂಭಾಗ ಒತ್ತಿ. ಅಲ್ಲಾಡಿದರೆ ಸವಾರಿಗೆ ಹೊರಡಬೇಡಿ.

ಸೊನ್ನೆಯಿಂದ ಶುರು

ಮೊದಲ ಸಲ ಸೀಟನ್ನು ಮಟ್ಟಸವಾಗಿ, ಅಂದರೆ 0 ಡಿಗ್ರಿಗೆ ಇಡಿ. ಸೊನ್ನೆ ಎಲ್ಲರಿಗೂ ಸರಿ ಅಂತಲ್ಲ, ಎಲ್ಲರಿಗೂ ಹತ್ತಿರ. ಹೆಚ್ಚಿನವರ ಸುಖ ಸೊನ್ನೆಯಿಂದ ಮೂತಿ 3 ಡಿಗ್ರಿ ಕೆಳಗಿನವರೆಗೆ ಎಲ್ಲೋ ಒಂದು ಕಡೆ ಇರುತ್ತದೆ.

ದಿನವೂ ಹೋಗುವ, ನಿಮಗೆ ಚೆನ್ನಾಗಿ ಗೊತ್ತಿರುವ ದಾರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಹೋಗಿ ಬನ್ನಿ. ಗೇಟಿನವರೆಗೆ ಹೋಗಿ ಬಂದು ತೀರ್ಪು ಕೊಡಬೇಡಿ, ಜೋಮು ತಕ್ಷಣ ಗೊತ್ತಾಗುವುದಿಲ್ಲ. ಯಾವಾಗಲೂ ಹಾಕುವ ಚಡ್ಡಿ, ಶೂ ಇವನ್ನೇ ಹಾಕಿ. ಪ್ಯಾಡಿರುವ ಚಡ್ಡಿ ಹಾಕಿ ಅಳೆದು ಸರಿ ಮಾಡಿದ್ದು ಜೀನ್ಸ್‌ಗೆ ಸರಿಹೋಗದೆ ಇರಬಹುದು.

ಹೋಗುತ್ತಾ ಒಂದು ಸಣ್ಣ ಪರೀಕ್ಷೆ ಮಾಡಿ. ವಾಹನಗಳಿಲ್ಲದ ನೇರ ರಸ್ತೆಯಲ್ಲಿ, ಒಂದೇ ಸಮನೆ ತುಳಿಯುತ್ತಿರುವಾಗ, ಹ್ಯಾಂಡಲ್ ಬಿಡದೆ ಬೆರಳುಗಳ ಹಿಡಿತವನ್ನಷ್ಟೇ ಸಡಿಲಿಸಿ, ಅಂಗೈ ಸುಮ್ನೆ ತಾಗಿಸಿಕೊಂಡಿರಿ. ಮೈ ಇದ್ದಲ್ಲೇ ಇದ್ದರೆ ಒಳ್ಳೆಯದು. ಮುಂದಕ್ಕೆ ಜಾರಿ ಕೈಮೇಲೆ ಭಾರ ಬೀಳುತ್ತಿದ್ದರೆ ಮೂತಿ ಕೆಳಗಿದೆ, ಅರ್ಧದಿಂದ 1 ಡಿಗ್ರಿ ಎತ್ತಿ. ಕೈ ಹಗುರ ಇದೆ, ಆದರೆ ತೊಡೆಸಂದಿನಲ್ಲಿ ಒತ್ತುತ್ತಿದೆ, ಗೊತ್ತಿಲ್ಲದೇ ಸೀಟಿನ ತೀರಾ ಹಿಂಬದಿಗೆ ಹೋಗಿ ಕೂತಿದ್ದೀರಿ ಎಂದಾದರೆ ಮೂತಿ ಇಳಿಸಬೇಕು. ಒಂದು ಸಲಕ್ಕೆ 1 ಡಿಗ್ರಿ, ಅದಕ್ಕಿಂತ ಜಾಸ್ತಿ ಬೇಡ. ಒಂದು ಬದಲಾವಣೆ ಮಾಡಿದ ಮೇಲೆ ಎರಡು ಮೂರು ಸವಾರಿ ಅದರಲ್ಲೇ ಹೋಗಿ. ಕೋನ, ಎತ್ತರ, ಹ್ಯಾಂಡಲ್ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತು ಎನ್ನುವುದು ದೇವರಿಗೇ ಗೊತ್ತು.

ಮೂತಿ ಇಳಿಸಿದಾಗ ಹಿಂಭಾಗ ಒಂದಿಷ್ಟು ಮೇಲೇರುತ್ತದೆ. 1 ಡಿಗ್ರಿಗೆ ಇದು ಲೆಕ್ಕಕ್ಕಿಲ್ಲ. 3 ಡಿಗ್ರಿ ಬದಲಿಸಿದಿರಾದರೆ ಎತ್ತರವನ್ನು ಇನ್ನೊಮ್ಮೆ ಹಿಮ್ಮಡಿಯಿಂದ ನೋಡಿಕೊಳ್ಳಿ.

ಹೆಂಗಸರಲ್ಲಿ ಹಲವರಿಗೆ ಮುಂಭಾಗದ ಒತ್ತಡವೇ ದೊಡ್ಡ ತೊಂದರೆ. ಸೊನ್ನೆಯಲ್ಲಿ ನೋವಾದರೆ 2, 3 ಡಿಗ್ರಿ ಕೆಳಗೆ ನೋಡಲು ಹಿಂಜರಿಯಬೇಡಿ. ಅಷ್ಟಕ್ಕೂ ಸರಿಹೋಗದಿದ್ದರೆ ನಡುವೆ ಸೀಳು ಬಿಟ್ಟಿರುವ ಸೀಟು ಬೇಕು ಎಂದರ್ಥ. ಇದನ್ನು ಅಂಗಡಿಯಲ್ಲಿ ಕೇಳಲು ಸಂಕೋಚಪಟ್ಟುಕೊಂಡು ತಿಂಗಳುಗಟ್ಟಲೆ ನೋವು ನುಂಗುವವರಿದ್ದಾರೆ. ಕೇಳಿ.

ಸೈಕಲ್ ನೋಡಿ ಕೋನ

ನೆಟ್ಟಗೆ ಕೂತು ಆಫೀಸಿಗೆ, ಮಾರ್ಕೆಟ್ಟಿಗೆ ಹೋಗುವವರಿಗೆ ಸೊನ್ನೆ ಸಾಕು. ಹ್ಯಾಂಡಲ್ ತಗ್ಗಿದಷ್ಟೂ ಸೊಂಟ ಮುಂದಕ್ಕೆ ಮಗುಚುತ್ತದೆ, ಮೂತಿಯೂ ಅದರ ಜೊತೆ ಸ್ವಲ್ಪ ಇಳಿಯಬೇಕಾಗುತ್ತದೆ. ರೋಡ್ ಬೈಕ್‌ನಲ್ಲಿ 1ರಿಂದ 3 ಡಿಗ್ರಿ ಇಳಿಸಿ ಓಡಿಸುವವರು ಬಹಳ. ಗಡಿಯಾರದ ವಿರುದ್ಧ ಓಡಿಸುವ ಟೈಮ್ ಟ್ರಯಲ್ ರೇಸಿನಲ್ಲಿ ಮೊಣಕೈ ಊರಿ ಮಲಗಿದಂತೆ ಕೂರುವವರಿಗೆ ಇನ್ನೂ ಜಾಸ್ತಿ ಬೇಕಾಗಬಹುದು. ವಿಜಯಪುರ, ಬಾಗಲಕೋಟೆ ಕಡೆ ರೇಸಿಗೆ ಇಳಿಯುವ ಮಕ್ಕಳಿಗೆ ಇನ್ನೊಂದು ವಿಷಯ ಗೊತ್ತಿರಬೇಕು. ಸೈಕ್ಲಿಂಗ್‌ನ ಅಂತಾರಾಷ್ಟ್ರೀಯ ಒಕ್ಕೂಟ ಯುಸಿಐ ಇದಕ್ಕೂ ಮಿತಿ ಇಟ್ಟಿದೆ. ಮೊದಲು 3 ಡಿಗ್ರಿ ಆಸುಪಾಸಿದ್ದ ಮಿತಿಯನ್ನು 2016ರಲ್ಲಿ 9 ಡಿಗ್ರಿಗೆ ಏರಿಸಿತು. ಅಲ್ಲಿ ಅಳೆಯುವುದು ಸೀಟಿನ ಹಿಂದಿನ ಮತ್ತು ಮುಂದಿನ ಎತ್ತರದ ಬಿಂದುಗಳನ್ನು ಸೇರಿಸುವ ಗೆರೆಯನ್ನು. ಮೇಲೆ ಹೇಳಿದ ಪ್ಯಾಡಿನ ಅಳತೆ ಇದಕ್ಕೆ ಹತ್ತಿರ.

ಸ್ಪ್ರಿಂಗ್ ಸೀಟಿನ ಲೆಕ್ಕ ಬೇರೆ. ಸ್ಪ್ರಿಂಗ್ ಇರುವುದು ಹಿಂದುಗಡೆ. ಖಾಲಿ ನಿಂತಾಗ ಮಟ್ಟಸ ಕಾಣುವ ಸೀಟು ನೀವು ಕೂತ ಕೂಡಲೇ ಹಿಂದೆ ಕುಸಿದು ಮೂತಿ ಎತ್ತುತ್ತದೆ. ಹಿಂದೆ ಶಾಕ್ ಅಬ್ಸಾರ್ಬರ್ ಇರುವ ಎಂಟಿಬಿಯದೂ ಇದೇ ಪಾಡು. ಎರಡಕ್ಕೂ ಒಂದೇ ಮದ್ದು: ನೀವು ಕೂತಿರುವಾಗ ಮನೆಯವರಿಂದ ಪಕ್ಕದಿಂದ, ಸೀಟಿನ ಎತ್ತರಕ್ಕೇ ಫೋನ್ ಹಿಡಿದು ಫೋಟೋ ತೆಗೆಸಿ. ಖಾಲಿ ಸೈಕಲ್ಲಿನಲ್ಲಿ ಮೂತಿಯನ್ನು ಒಂದೆರಡು ಡಿಗ್ರಿ ಇಳಿಸಿಟ್ಟರೆ ಕೂತಾಗ ಮಟ್ಟಕ್ಕೆ ಬರುತ್ತದೆ.

ಸ್ಪ್ರಿಂಗ್ ಇಲ್ಲದ, ಬಿಗಿದು ಎಳೆದ ಚರ್ಮದ ಸೀಟುಗಳು, 1866ರಲ್ಲಿ ಶುರುವಾದ ಇಂಗ್ಲೆಂಡಿನ ಬ್ರೂಕ್ಸ್ ಕಂಪನಿಯವು ಇದ್ದಾವಲ್ಲ, ಅಂಥವು, ಮೂತಿ ಇಳಿಸುವ ಮಾತಿಗೆ ಹೊರತು. ಅವು ಬಳಸುತ್ತಾ ನಡುವೆ ತಗ್ಗುತ್ತವೆ, ಮೇಲ್ಮೈ ನುಣುಪಾಗುತ್ತದೆ. ಮುಂದಕ್ಕೆ ಜಾರದಿರಲೆಂದು ಅವುಗಳ ಮೂತಿಯನ್ನು ಒಂದಿಷ್ಟು ಮೇಲಿಡುವವರು ಜಾಸ್ತಿ. ನೋಡಲು ವಿಚಿತ್ರ, ಕೂತರೆ ಸರಿ.

ಮನೆಯೊಳಗೆ ಟ್ರೇನರ್ ಮೇಲೆ, ಅಂದರೆ ಸೈಕಲನ್ನು ನಿಂತಲ್ಲೇ ತುಳಿಯಲು ಹಿಡಿದಿಡುವ ಸ್ಟ್ಯಾಂಡಿನ ಮೇಲೆ ತುಳಿಯುವವರೇ, ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಟ್ರೇನರ್ ಆದರೆ ಇಡೀ ಸೈಕಲ್ ಮುಂದಕ್ಕೆ ಬಾಗಿರುತ್ತದೆ. ಸೀಟು ಮುಟ್ಟಬೇಡಿ. ಮುಂದಿನ ಚಕ್ರದ ಕೆಳಗೆ ಹಲಗೆ ಇಟ್ಟು ಸೈಕಲನ್ನು ಮಟ್ಟ ಮಾಡಿ.

ಇನ್ನು ಏರು. ನೂರಕ್ಕೆ 10ರ ಏರು ಅಂದರೆ ರಸ್ತೆ ಸುಮಾರು 5.7 ಡಿಗ್ರಿ ಮೇಲೆದ್ದಿದೆ ಎಂದರ್ಥ. ಮನೆಯಲ್ಲಿ ಸೊನ್ನೆಗೆ ಇಟ್ಟ ನಿಮ್ಮ ಸೀಟು ಅಲ್ಲಿ ಮೂತಿ 5.7 ಡಿಗ್ರಿ ಎತ್ತಿಕೊಂಡಿರುತ್ತದೆ. ನಂದಿ ಬೆಟ್ಟದ ಕಡಿದಾದ ತಿರುವುಗಳಲ್ಲಿ, ಘಟ್ಟದ ರಸ್ತೆಗಳಲ್ಲಿ ಎಲ್ಲರೂ ಸೀಟಿನ ಮುಂಭಾಗಕ್ಕೆ ಸರಿದು ಕೂರುವುದು ಅದಕ್ಕೇ. ಬೆನ್ನು ನೋವು ಏರಿನಲ್ಲೇ ಶುರುವಾಗುವುದಕ್ಕೂ ಇದು ಒಂದು ಕಾರಣ. ವಾರಾಂತ್ಯಕ್ಕೆ ಬೆಟ್ಟ ಹತ್ತುವುದೇ ನಿಮ್ಮ ಹವ್ಯಾಸವಾದರೆ ಸಮತಟ್ಟಿನಲ್ಲಿ ತಡೆದುಕೊಳ್ಳಬಹುದಾದಷ್ಟು, ಅಂದರೆ 1ರಿಂದ 2 ಡಿಗ್ರಿ ಜಾಸ್ತಿ ಇಳಿಸಿಟ್ಟರೆ ಅನುಕೂಲ. ಇಳಿಯುವಾಗ ಹೇಗೂ ಹೆಚ್ಚು ಹೊತ್ತು ಕೂತಿರುವುದಿಲ್ಲ. ಆದರೆ ಏರಿಗೆಂದು ಸರಿಮಾಡಿದ ಸೀಟಿನಲ್ಲಿ ಹೆದ್ದಾರಿಯ ಸಮತಟ್ಟಿನಲ್ಲಿ ದಿನವಿಡೀ ಹೋಗುವ ಸಾಹಸ ಬೇಡ, ಕೈ ಸತ್ತೇ ಹೋಗುತ್ತದೆ.

ಕೋನದಿಂದ ಆಗದ ಕೆಲಸ

4, 5 ಡಿಗ್ರಿ ಇಳಿಸಿದರೂ ಒತ್ತುತ್ತಿದೆ ಎಂದರೆ ತಪ್ಪು ಸೀಟಿನ ಕೋನದ್ದಲ್ಲ. ಹ್ಯಾಂಡಲ್ ತೀರಾ ದೂರ ಅಥವಾ ತೀರಾ ತಗ್ಗಿದೆಯೇ ನೋಡಿ. ಹ್ಯಾಂಡಲ್ ಹಿಡಿಯಲು ಚಾಚಿಕೊಳ್ಳಬೇಕಾದರೆ ಸೊಂಟ ಮೂತಿಯ ಮೇಲೆ ಮಗುಚಿಬೀಳುತ್ತದೆ. ಅದಕ್ಕೆ ಚಿಕ್ಕ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ಮುಂಚಾಚು ತುಂಡು) ಹಾಕಬೇಕು, ಇಲ್ಲವೇ ಹ್ಯಾಂಡಲ್ ಎತ್ತರಿಸಬೇಕು. ಸೀಟಿನ ಅಗಲ ನಿಮ್ಮ ಕೂರುವ ಮೂಳೆಗಳ ಅಂತರಕ್ಕಿಂತ ಕಡಿಮೆ ಇದ್ದರೂ ಅಷ್ಟೇ. ಗಟ್ಟಿ ಮಣೆಯ ಮೇಲೆ ದಪ್ಪ ರಟ್ಟು ಇಟ್ಟು ಅದರ ಮೇಲೆ ಮುಂದೆ ಬಾಗಿ ಒಂದು ನಿಮಿಷ ಕೂತರೆ ಎರಡು ಗುಳಿ ಬೀಳುತ್ತವೆ. ಅವುಗಳ ನಡುವಿನ ಅಂತರ ಅಳೆದುಕೊಂಡು ಅಂಗಡಿಗೆ ಹೋಗಿ.

ಜೆಲ್ ಕವರ್ ಹಾಕಿರುವವರು ಅದನ್ನು ತೆಗೆದು ಈ ಎಲ್ಲ ಅಳತೆ ಮಾಡಿ. ಮೆತ್ತೆ ಜಾಸ್ತಿಯಾದಷ್ಟೂ ಮೂಳೆ ಹುದುಗಿ, ನಡುವಿನ ಮೆತ್ತೆ ಮೇಲೆದ್ದು ಅದೇ ಸೂಕ್ಷ್ಮ ಜಾಗಕ್ಕೆ ಒತ್ತುತ್ತದೆ. ಸರಿಯಾದ ಕೋನದ ಗಟ್ಟಿ ಸೀಟು ತಪ್ಪು ಕೋನದ ಮೆತ್ತಗಿನ ಸೀಟಿಗಿಂತ ವಾಸಿ. ಮೊದಮೊದಲು ಕೂರುವ ಮೂಳೆಗಳ ಜಾಗದಲ್ಲಿ ನೋಯುವುದು ಸಹಜ, ಕೆಲವು ವಾರಗಳಲ್ಲಿ ಹೋಗುತ್ತದೆ. ಜೋಮು ಮಾತ್ರ ಸಹಜವಲ್ಲ. ಸೈಕಲಿಂದ ಇಳಿದು ಬಹಳ ಹೊತ್ತಾದರೂ ಜೋಮು ಹೋಗದಿದ್ದರೆ, ಮೂತ್ರಕ್ಕೆ ಹೋಗುವಾಗ ತೊಂದರೆ ಕಂಡರೆ, ಕೆಲವು ದಿನ ಸೈಕಲ್ ಬಿಟ್ಟು ಡಾಕ್ಟರನ್ನು ನೋಡಿ.

ಸರಿಹೋದ ಕೋನ ಸಿಕ್ಕಿತೆಂದರೆ ಅಂಕಿಯನ್ನು, ಜೊತೆಗೆ ಎತ್ತರವನ್ನು, ಫೋನಿನಲ್ಲಿ ಬರೆದಿಡಿ. ಸೀಟ್ ಪೋಸ್ಟ್ ಫ್ರೇಮಿನೊಳಗೆ ಹೋಗುವ ಜಾಗದಲ್ಲಿ ಸುತ್ತ ಒಂದು ಎಳೆ ಇನ್ಸುಲೇಷನ್ ಟೇಪ್ ಸುತ್ತಿಡಿ. ಬಸ್ಸಿನ ಟಾಪಿನ ಮೇಲೋ ರೈಲಿನಲ್ಲೋ ಸೈಕಲ್ ಸಾಗಿಸಿದರೆ, ಮನೆಯಲ್ಲಿ ಇನ್ಯಾರಾದರೂ ಓಡಿಸಿದರೆ, ಹಳೆಯ ಜಾಗಕ್ಕೆ ತರಲು ಅಷ್ಟು ಸಾಕು. ಹೊಸದಾಗಿ ಬಿಗಿ ಮಾಡಿದ ಬೋಲ್ಟು ಮೊದಲ 50 ಕಿಲೋಮೀಟರಿನಲ್ಲಿ ಕೂತುಕೊಳ್ಳುತ್ತಾ ಸ್ವಲ್ಪ ಸಡಿಲಾಗುವುದುಂಟು, ಹಾಗಾಗಿ ಅಲೆನ್ ಕೀ ಸೀಟಿನ ಕೆಳಗಿನ ಚೀಲದಲ್ಲೇ ಇರಲಿ, ಒಂದು ಸಲ ತಿರುಗಿಸಿ ನೋಡಿ.